ಮುಂದುವರಿಸಲೇ

ಶನಿವಾರ ಬೆಳಿಗ್ಗೆ ಬರುತ್ತಾರೆ,
ಕರಿ ಅಂಗಿಯ ಎದೆಗೆ ‘ಏಳನೇ ತಿರುವು’ ಎಂದು ಅಚ್ಚೊತ್ತಿಸಿಕೊಂಡ ಮಕ್ಕಳು.
ಆ ಬ್ಯಾಂಡು ಒಡೆದಾಗ
ಇವರ ತಾಯಂದಿರಿಗಿನ್ನೂ ಹಾಲುಹಲ್ಲು.
ನನ್ನ ತಂಗಿಯ ಮಗ ದೇಚು ಜೀಪು ತೆಗೆಯುತ್ತಾನೆ,
ತಲೆಗೆ ಆರುನೂರು, ಕಾಫಿ ಬೇರೆ.
ಮುಂದಿನ ಸೀಟಿನಲ್ಲಿ ನಾನು, ಮಂಡಿನೋವಿನವಳು,
ಪೇಟೆಗೆ ಪುಕ್ಕಟೆ ಸವಾರಿ.

ಮೊದಲು ಸಂಪಾಜೆ ಕಡೆಗಿಳಿದು ತಿರುವು ಎಣಿಸಬೇಕು.
ಒಂದು ಎಲ್ಲಿಂದ ಎನ್ನುವುದೇ ತಕರಾರು.
ಎರಡು ಕಡೆ ಎರಡು ಬೋರ್ಡು: ಅಸಲಿ ಏಳು ಇದೇ.
ಎರಡು ಬುಟ್ಟಿ ಕಿತ್ತಳೆ, ಅದರಲ್ಲೇ ಉಣ್ಣುವ ಎರಡು ಸಂಸಾರ.
ದೇಚು ಎರಡೂ ಕಡೆ ನಿಲ್ಲಿಸುತ್ತಾನೆ.
ನಿಜವನ್ನು ಒಬ್ಬರಿಗೇ ಯಾಕೆ ಕೊಡಬೇಕು, ಅನ್ನುತ್ತಾನೆ.

ಕೋಟೆಯೊಳಗೆ ಗಾರೆಯ ಆನೆ ಎರಡು.
ಮೊದಲ ಕಛೇರಿ ಮುಗಿದ ರಾತ್ರಿ ಎಡಗಡೆಯದರ ಬೆನ್ನೇರಿ
ಕುಶಾಲಪ್ಪ ಗಿಟಾರು ತಬ್ಬಿ ಮಲಗಿಬಿಟ್ಟಿದ್ದನಂತೆ.
ಬಲಗಡೆಯದು ಎಂದಿತ್ತು ಪೊಲೀಸರ ಕಡತ.

ಮಹದೇವಪೇಟೆಯಲ್ಲಿ ಹಂಸನ ಉಪ್ಪನ ಹೊಲಿಗೆಯಂಗಡಿ.
ಯಂತ್ರದ ಪೆಡಲು ತುಳಿದು ತುಳಿದೇ ತಾಳ ಕಲಿತವನು ಅವನು;
ದುಡಿಯ ಪೆಟ್ಟು ಬಿದ್ದಪ್ಪನ ತಾತನಿಂದ ಬಂದದ್ದು,
ಕೇಳದೆ ತಂದದ್ದು.

ಕೆಂಪು ಗೇಟು ಹಾಡಿನಲ್ಲಿತ್ತು, ಊರಿನಲ್ಲಿರಲಿಲ್ಲ.
ಎಲ್ಲಿ, ಎಲ್ಲಿ ಎಂದು ಮೂವತ್ತು ಜನ ಕೇಳಿದ ಮೇಲೆ
ನಿವೃತ್ತ ಸುಬೇದಾರರೊಬ್ಬರು ಡಬ್ಬಿ ಬಣ್ಣ ತಂದರು.
ಈಗ ಪ್ರತಿವರ್ಷ ಬಳಿಯುತ್ತಾರೆ.
ಮೀಸೆ ನೇವರಿಸಿ ಗಂಭೀರವಾಗಿ,
‘ಹೌದು, ಅವಳು ಇಲ್ಲೇ ನಿಂತಿದ್ದಳು.’

ರಾಜಾಸೀಟಿನಲ್ಲಿ ತೆಗೆದ ಕ್ಯಾಸೆಟ್ಟಿನ ಮುಖಚಿತ್ರ:
ತುಂಬಾ ಮಂಜು, ಮಂಜಿನಿಂದ ಹೊರಗೆ ಫೆಲಿಕ್ಸನ ಒಂದೇ ಶೂ.
ಮಕ್ಕಳು ಒಂದೊಂದು ಶೂ ಬಿಚ್ಚಿಟ್ಟು ಫೋಟೋ ಹಿಡಿಯುತ್ತಾರೆ,
ಇನ್ನೊಂದು ಕಾಲಲ್ಲಿ ಕುಂಟುತ್ತ.

ಹಳೇ ಟೆಲಿಫೋನ್ ಎಕ್ಸ್‌ಚೇಂಜಿನ ಮುಂದೆ ಮಾತ್ರ
ಯಾರೂ ನಿಲ್ಲಿಸು ಅನ್ನುವುದಿಲ್ಲ.
ನಾನಲ್ಲಿ ಇಳಿಯುತ್ತೇನೆ.
ಈಗ ಚಾಕಲೇಟು, ಜೇನು, ಬಾಟಲಿಯಲ್ಲಿ ಕಾಚಂಪುಳಿ.
ಗೋಡೆಯಲ್ಲಿ ನಾಲ್ಕು ಮೊಳೆಯ ತೂತು ಇನ್ನೂ ಇವೆ,
ನನ್ನ ಬೋರ್ಡು ನಿಂತಿದ್ದ ಜಾಗ.
ಹತ್ತೊಂಬತ್ತು ವರ್ಷ, ಕಿವಿಗೆ ಹೆಡ್‌ಫೋನು,
ಕೈತುಂಬ ತಂತಿ.

ಎಂಬತ್ತಮೂರು, ಜನವರಿ, ರಾತ್ರಿ ಹತ್ತೂಕಾಲು.
ಬೊಂಬಾಯಿಯಿಂದ ಫೆಲಿಕ್ಸ್.
ಇಲ್ಲಿ ಹೋಟೆಲಿನ ಗಲ್ಲದ ಹತ್ತಿರ ಬಿದ್ದಪ್ಪ.
‘ಹಾಗಾದರೆ ಬರುವುದಿಲ್ಲ.’
‘ಇಲ್ಲ.’
ಆಮೇಲೆ ಮಾತಿಲ್ಲ.
ಕೇಳಬಾರದು, ಅದು ಇಲಾಖೆಯ ನಿಯಮ.
ಕೇಳಿದೆ.
ಈ ಕಡೆ ಒಂದು ಬೆರಳು ಮರದ ಮೇಲೆ ಬಡಿಯುತ್ತಿತ್ತು,
ತಡವಾಗಿ, ಆ ಕಡೆಯಿಂದ ಇನ್ನೊಂದು.
‘ಮೂರು ನಿಮಿಷ ಆಯಿತು. ಮುಂದುವರಿಸಲೇ?’
ಹೂಂ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ.
ಜಾಕು ಕೀಳಲು ಹೋದ ಕೈ
ಹೋದಲ್ಲೇ ನಿಂತಿತು.
ಮಂಗಳೂರಿನವಳು ಲೈನು ಬಿಡೇ ಎಂದು ಬೈಯುತ್ತಿದ್ದಳು.

ಮರುವರ್ಷ ಬಿದ್ದಪ್ಪ ಒಬ್ಬನೇ ಮಾಡಿದ ಕ್ಯಾಸೆಟ್ಟು.
ಚೌಕಿಯ ಅಂಗಡಿಯಲ್ಲಿ ನೂಲು ಕೊಳ್ಳುತ್ತ ನಿಂತಿದ್ದೆ,
ಒಳಗಿನಿಂದ ಬಂತು, ಮೊದಲ ಸಾಲು,
ಮದ್ರಾಸಿನ ಯಾವಳೋ ನಯವಾಗಿ ಹಾಡಿದ್ದಳು:
ಮೂರು ನಿಮಿಷ ಆಯಿತು, ಮುಂದುವರಿಸಲೇ.
ಚಿಲ್ಲರೆ ಮರೆತು ಬಂದೆ.

ಅದು ಯಮನ ಮಾತು, ಎನ್ನುತ್ತಾನೆ
ಹಿಂದಿನ ಸೀಟಿನ ಕನ್ನಡಕದ ಹುಡುಗ.
ಛೆ, ಬಿಟ್ಟುಹೋದ ಹುಡುಗಿ, ಎನ್ನುತ್ತಾಳೆ ಪಕ್ಕದವಳು.
ವಾದ ಗಾಳಿಬೀಡಿನ ತನಕ ಸಾಗುತ್ತದೆ.
ನಾನು ಕಿಟಕಿ ಕಡೆ ತಿರುಗುತ್ತೇನೆ. ದೇಚುವಿಗೂ ಹೇಳಿಲ್ಲ.
ಹೇಳಿದರೆ ನನ್ನನ್ನೂ ಒಂದು ಬೋರ್ಡು ಮಾಡಿ
ಎರಡು ಕಡೆ ನಿಲ್ಲಿಸಿಯಾನು.

‘ಬೇರೆ ಏನಾದರೂ ಬೇಕಾ ಆಂಟಿ?’ ಅಂಗಡಿಯ ಹುಡುಗ.
ಬೆರಳು ತೂತಿನಿಂದ ತೆಗೆಯುತ್ತೇನೆ.
ಹೊರಗೆ ಜೀಪಿನ ಹಾರ್ನು.

ಅವತ್ತು ಚೀಟಿಯಲ್ಲಿ ಮೂರು ನಿಮಿಷ ಎಂದು ಬರೆದೆ.
ನಡೆದದ್ದು ಹನ್ನೊಂದು.
ಎಂಟು ನಿಮಿಷದ ದುಡ್ಡು
ಇಲಾಖೆಗೆ ನಾನಿನ್ನೂ ಕಟ್ಟಬೇಕು.